ಫ್ಲೆಕ್ಸ್‌ನಲ್ಲಿ ನಮ್ಮ ಮುಖ, ಸಭೆಗೆ ಬಾರದ ನಮ್ಮ ಗೆಳೆಯ



ಈ ಸಲ ಸಂಕ್ರಾಂತಿ ರಜೆಗೆ ಊರಿಗೆ ಬಂದವರೆಲ್ಲ ಸೇರಿ ದೇವಾಲಯದ ಹಿಂದಿನ ಹೊಂಗೆ ಮರದ ಕೆಳಗೆ ಯುವಜನರ ಸಭೆ ನಡೆಸಿದೆವು. ಬೆಂಗಳೂರಿನಲ್ಲಿ ಕೆಲಸಕ್ಕಿರುವವರು, ಹೊಸೂರಿನ ಸಿಪ್ಕಾಟ್‌ನಲ್ಲಿ ದುಡಿಯುವವರು, ಕೃಷ್ಣಗಿರಿಯಲ್ಲಿ ಕಾಲೇಜಿಗೆ ಹೋಗುವವರು, ಮನೆಯವರ ಜೊತೆ ಗುಲಾಬಿ ತೋಟ ನೋಡಿಕೊಳ್ಳುವವರು, ಎಲ್ಲರೂ ಇದ್ದರು. ಚರ್ಚೆಗೆ ಇಟ್ಟುಕೊಂಡಿದ್ದ ವಿಷಯ ‘ದೇವರು ನನ್ನನ್ನು ಯಾತಕ್ಕಾಗಿ ಕರೆದಿದ್ದಾರೆ?’ ಎಂಬುದು. ಎರಡು ಗಂಟೆ ಮಾತಾಡಿದೆವು. ಮಾತು ಚೆನ್ನಾಗಿಯೇ ಇತ್ತು. ಆದರೆ ಸಭೆ ಮುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಅಲ್ಲಿ ಆಡಿದ ಮಾತುಗಳಲ್ಲ, ಅಲ್ಲಿಗೆ ಬಾರದೇ ಹೋದ ಒಬ್ಬ ಗೆಳೆಯ.

ಅವನ ಹೆಸರು ಇಲ್ಲಿ ಬೇಡ. ಐಟಿಐ ಮುಗಿಸಿ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದ್ದಾನೆ. ಮೊದಲೆಲ್ಲ ಗಾನವೃಂದದಲ್ಲಿ ತಬಲಾ ಬಾರಿಸುತ್ತಿದ್ದ. ಕಳೆದ ವರ್ಷದಿಂದ ಸಭೆಗಳಿಗೆ ಬರುವುದನ್ನು ನಿಲ್ಲಿಸಿದ. ನಮ್ಮಲ್ಲೊಬ್ಬರು ದಾರಿಯಲ್ಲಿ ಸಿಕ್ಕಾಗ ಕೇಳಿದರೆ, ಅವನು ನಗುತ್ತಲೇ ಹೇಳಿದನಂತೆ: “ಅಲ್ಲಿ ಎಲ್ರೂ ಎದ್ದು ನಿಂತು ಹೆಸ್ರು, ಕಂಪ್ನಿ, ಪೋಸ್ಟು ಹೇಳ್ತೀರಿ. ನನ್ ಸರದಿ ಬಂದಾಗ ಏನ್ ಹೇಳ್ಲಿ?”

ನಾವು ಯಾರೂ ಅವನಿಗೆ ಅವಮಾನ ಮಾಡಿರಲಿಲ್ಲ. ಹಾಗೆಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಪ್ರತಿ ಸಭೆಯ ಮೊದಲ ಹತ್ತು ನಿಮಿಷ ನಾವು ಮಾಡುತ್ತಿದ್ದ ‘ಪರಿಚಯ’ ಅವನನ್ನು ಹೊರಗೆ ನಿಲ್ಲಿಸಿತ್ತು. ಪ್ರಾರ್ಥನೆಗೂ ಮೊದಲೇ ನಾವು ಒಬ್ಬೊಬ್ಬರ ಬೆಲೆ ಹೇಳಿಸಿಕೊಳ್ಳುತ್ತಿದ್ದೆವು. ಅದು ನಮಗೆ ಗೊತ್ತೇ ಆಗಿರಲಿಲ್ಲ. ಈ ಬರಹ ಬರೆಯಲು ಕಾರಣ ಇದೇ.

ಉದ್ದೇಶವೇ, ಹುದ್ದೆಯೇ?

ನಮ್ಮ ಸೀಮೆಯ ಯುವಜನರ ಬದುಕು ನಿಮಗೆ ಗೊತ್ತಿರುವುದೇ. ಬೆಳಗಿನ ಜಾವ ಕಂಪನಿ ಬಸ್ಸು ಹತ್ತಿ ಅರೆನಿದ್ದೆಯಲ್ಲಿ ಅತ್ತಿಬೆಲೆ ದಾಟುವವರು ಎಷ್ಟು ಜನ! ಕೆಲವರು ಇಲ್ಲೇ ಹೊಸೂರಿನಲ್ಲಿ ಮೂರು ಶಿಫ್ಟ್‌ಗಳ ನಡುವೆ ಹಗಲು ಯಾವುದು, ರಾತ್ರಿ ಯಾವುದು ಎಂದು ಮರೆಯುತ್ತಾರೆ. ಪಾಲಿಹೌಸ್‌ನಲ್ಲಿ ಗುಲಾಬಿ ಕತ್ತರಿಸುವ ನಮ್ಮ ಅಕ್ಕತಂಗಿಯರಿಗೆ ಫೆಬ್ರುವರಿ 14 ಹತ್ತಿರ ಬಂದಾಗ ಊಟಕ್ಕೂ ಪುರುಸೊತ್ತಿರುವುದಿಲ್ಲ. ಎಲ್ಲೋ ಯಾರೋ ಯಾರಿಗೋ ಕೊಡುವ ಹೂವಿನ ಮುಳ್ಳು ಚುಚ್ಚುವುದು ಇವರ ಬೆರಳಿಗೆ. ಇಂಥವರು “ನನ್ನ ಬದುಕಿಗೆ ಉದ್ದೇಶ ಏನು?” ಎಂದು ಕೇಳಿದಾಗ ಅದು ಪುಸ್ತಕದ ಪ್ರಶ್ನೆಯಲ್ಲ, ದಣಿದ ಮೈಯಿಂದ ಬಂದ ಪ್ರಶ್ನೆ.

ಆದರೆ ಅದಕ್ಕೆ ನಾವು ಕೊಡುತ್ತಿರುವ ಉತ್ತರ ಯಾವುದು? ಒಳ್ಳೆಯ ಕಾಲೇಜು, ಖಾಯಂ ಕೆಲಸ, ಸ್ವಂತ ಮನೆ, ಆಗುವುದಾದರೆ ವಿದೇಶ. ಇವು ಕೆಟ್ಟವಲ್ಲ. ಮಕ್ಕಳು ಮುಂದೆ ಬರಲಿ ಎಂದು ತಂದೆತಾಯಿ ಜಪಸರ ಹಿಡಿದು ಬೇಡುವುದು ತಪ್ಪಲ್ಲ. ತಪ್ಪಾಗುವುದು ಹುದ್ದೆಯನ್ನೇ ಉದ್ದೇಶ ಎಂದು ಕರೆದಾಗ. ಹಾಗೆ ಕರೆದ ದಿನ, ಹುದ್ದೆ ಸಿಗದವನ ಬದುಕಿಗೆ ಉದ್ದೇಶವೇ ಇಲ್ಲ ಎಂದು ಹೇಳಿದಂತಾಯಿತು. ನಮ್ಮ ಗೆಳೆಯ ಕೇಳಿಸಿಕೊಂಡದ್ದು ಅದನ್ನೇ.

ಶುಭಸಂದೇಶದಲ್ಲಿ ಇದಕ್ಕೆ ಬೇರೆಯೇ ಉತ್ತರವಿದೆ. ಯೇಸುಸ್ವಾಮಿ ತಮ್ಮ ಬಹಿರಂಗ ಸೇವೆ ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷ ಎಂದು ಸಂತ ಲೂಕ ಬರೆಯುತ್ತಾರೆ. ಅಲ್ಲಿಯವರೆಗೆ ನಜರೇತಿನಲ್ಲಿ ಬಡಗಿಯ ಕೆಲಸ. ಅವರ ಕೈಯಿಂದ ಎಷ್ಟು ನೊಗ, ಎಷ್ಟು ಬಾಗಿಲು, ಎಷ್ಟು ಮಣೆ ತಯಾರಾದವೋ ಯಾರೂ ಬರೆದಿಡಲಿಲ್ಲ. ಇನ್ನೊಂದು ಮಾತನ್ನೂ ಗಮನಿಸಿ. ಯೊರ್ದಾನ್ ನದಿಯಲ್ಲಿ ದೀಕ್ಷಾಸ್ನಾನವಾದಾಗ ಇವರು ನನ್ನ ಪ್ರೀತಿಯ ಮಗ, ಇವರನ್ನು ಮೆಚ್ಚಿದ್ದೇನೆ ಎಂಬ ಅರ್ಥದ ದನಿ ಸ್ವರ್ಗದಿಂದ ಕೇಳಿಬಂತು. ಆ ಹೊತ್ತಿಗೆ ಸ್ವಾಮಿ ಒಂದು ಅದ್ಭುತವನ್ನೂ ಮಾಡಿರಲಿಲ್ಲ, ಒಂದು ಬೋಧನೆಯನ್ನೂ ನೀಡಿರಲಿಲ್ಲ, ಒಬ್ಬ ಶಿಷ್ಯನೂ ಜೊತೆಗಿರಲಿಲ್ಲ. ತಂದೆಯ ಮೆಚ್ಚುಗೆ ಬಡಗಿಯ ಮೇಲೆ ಇಳಿದು ಬಂತು.

ಅಂದರೆ ಮೊದಲು ನಾವು ಯಾರ ಮಕ್ಕಳು ಎಂಬುದು, ಆಮೇಲೆ ನಾವೇನು ಮಾಡುತ್ತೇವೆ ಎಂಬುದು. ಈ ಕ್ರಮ ತಲೆಕೆಳಗಾದರೆ ಬದುಕಿನುದ್ದಕ್ಕೂ ಎದ್ದು ನಿಂತು ನಮ್ಮ ಪೋಸ್ಟು ಹೇಳುತ್ತಲೇ ಇರಬೇಕಾಗುತ್ತದೆ.

ದೀನತೆ ಎಂದರೆ ಕುಗ್ಗುವುದಲ್ಲ

ಇಲ್ಲಿಗೆ ದೀನತೆಯ ಮಾತು ಬರುತ್ತದೆ. ಇದರ ಬಗ್ಗೆ ನಾವು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ, ಹಿರಿಯರು ಕ್ಷಮಿಸಬೇಕು.

ದೀನತೆಯ ಬೋಧನೆ ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವುದು ಯಾರಿಗೆ? ಮನೆಯಲ್ಲಿ ಸೊಸೆಗೆ. ಸಭೆಯಲ್ಲಿ ಕಿರಿಯರಿಗೆ. ಊರಲ್ಲಿ ಮೊದಲಿನಿಂದಲೂ ತಲೆತಗ್ಗಿಸಿ ನಿಂತವರಿಗೆ. ಕುರ್ಚಿಯಲ್ಲಿ ಕುಳಿತವರಿಗೆ ಅದು ಅಷ್ಟಾಗಿ ಕೇಳಿಸುವುದಿಲ್ಲ. ಕೂಲಿ ಬಾಕಿ ಇಟ್ಟುಕೊಂಡವನನ್ನು ಪ್ರಶ್ನಿಸಲು ಹೊರಟ ಹುಡುಗನಿಗೆ “ಕ್ರೈಸ್ತರಾದವರು ತಗ್ಗಿ ನಡೀಬೇಕು ಕಣಪ್ಪಾ” ಎಂದು ಬುದ್ಧಿ ಹೇಳುವುದು ದೀನತೆಯ ಬೋಧನೆಯಲ್ಲ. ಅದು ಅನ್ಯಾಯಕ್ಕೆ ಹಾಕಿದ ಬೀಗ.

ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ರಾತ್ರಿಯನ್ನು ನೆನೆಯಿರಿ. ಅದೇ ರಾತ್ರಿ ಅವರನ್ನು ಬಂಧಿಸಿ ವಿಚಾರಣೆಗೆ ಕರೆದೊಯ್ದಾಗ ಕಾವಲುಗಾರನೊಬ್ಬ ಅವರ ಕೆನ್ನೆಗೆ ಹೊಡೆದ. ಸ್ವಾಮಿ ಸುಮ್ಮನಿರಲಿಲ್ಲ. ತಿರುಗಿ ಹೊಡೆಯಲೂ ಇಲ್ಲ. ತಾವು ಆಡಿದ ಮಾತಿನಲ್ಲಿ ತಪ್ಪೇನಿತ್ತು, ತಪ್ಪಿಲ್ಲದಿದ್ದರೆ ಹೊಡೆದದ್ದೇಕೆ ಎಂದು ನೇರವಾಗಿ ಕೇಳಿದರು. ಪಾದ ತೊಳೆದವರೂ ಅವರೇ, ಪ್ರಶ್ನೆ ಕೇಳಿದವರೂ ಅವರೇ. ಎರಡೂ ಒಂದೇ ರಾತ್ರಿಯ ಮಾತು.

ಪಾದ ತೊಳೆಯುವ ಪ್ರಸಂಗವನ್ನು ಸಂತ ಯೊವಾನ್ನರು ಆರಂಭಿಸುವ ರೀತಿಯನ್ನು ನಾವು ಬಹಳ ಸಲ ಓದಿ ಮುಂದೆ ಹೋಗುತ್ತೇವೆ. ತಾವು ದೇವರಿಂದ ಬಂದವರು, ದೇವರ ಬಳಿಗೇ ಹಿಂದಿರುಗುವವರು ಎಂಬುದನ್ನು ಯೇಸು ಅರಿತಿದ್ದರು ಎಂದು ಮೊದಲು ಹೇಳಿ, ಆಮೇಲೆ ಅವರು ಊಟದಿಂದ ಎದ್ದು ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡದ್ದನ್ನು ಹೇಳುತ್ತಾರೆ. ತಾವು ಯಾರೆಂದು ಗೊತ್ತಿದ್ದುದರಿಂದಲೇ ಅವರಿಗೆ ಬಾಗುವುದು ಸಾಧ್ಯವಾಯಿತು. ತಾನು ಯಾರೆಂದು ಗೊತ್ತಿಲ್ಲದವನಿಗೆ ಬಾಗಲು ಭಯ. ಎಲ್ಲಿ ಬಾಗಿದರೆ ಚಿಕ್ಕವನಾಗಿಬಿಡುತ್ತೇನೋ ಎಂದು ಸದಾ ಎದೆಯುಬ್ಬಿಸಿಯೇ ನಿಂತಿರುತ್ತಾನೆ. ಉದ್ದೇಶವೂ ದೀನತೆಯೂ ಬೇರೆ ಬೇರೆ ಪಾಠಗಳಲ್ಲ ಎಂದು ನಮಗೆ ಅನ್ನಿಸುವುದು ಈ ಕಾರಣಕ್ಕೆ.

ಸಂಕ್ರಾಂತಿ ವಾರದ ಇಬ್ಬರು ಸಂತರು

ನಮ್ಮೂರುಗಳಲ್ಲಿ ಸಂಕ್ರಾಂತಿ ಎಂದರೆ ಎತ್ತುಗಳ ಕೊಂಬಿಗೆ ಬಣ್ಣ, ಕಬ್ಬು, ಅವರೆಕಾಯಿ. ಆದರೆ ಕ್ರೈಸ್ತರಾದ ನಮಗೆ ಈ ವಾರಕ್ಕೆ ಇನ್ನೊಂದು ಮಹತ್ವವಿದೆ. ಜನವರಿ 14ರಂದು ಸಂತ ದೇವಸಹಾಯಂ, ಜನವರಿ 16ರಂದು ಸಂತ ಜೋಸೆಫ್ ವಾಜ್ ಪ್ರಾಣ ಬಿಟ್ಟರು. ಒಬ್ಬರು ಇಂದಿನ ತಮಿಳುನಾಡಿನ ದಕ್ಷಿಣ ತುದಿಯವರು, ಇನ್ನೊಬ್ಬರು ಕನ್ನಡ ಕರಾವಳಿಯಲ್ಲಿ ನಡೆದಾಡಿದವರು. ಎರಡು ಭಾಷೆಯ ಗಡಿಯಲ್ಲಿರುವ ನಮಗೆ ಇಬ್ಬರೂ ನಮ್ಮವರೇ.

ದೇವಸಹಾಯಂ 1712ರಲ್ಲಿ ನಟ್ಟಾಲಂನಲ್ಲಿ ಹುಟ್ಟಿದರು. ಮೊದಲ ಹೆಸರು ನೀಲಕಂಠ ಪಿಳ್ಳೈ. ತಿರುವಾಂಕೂರಿನ ರಾಜ ಮಾರ್ತಾಂಡವರ್ಮನ ಪದ್ಮನಾಭಪುರಂ ಅರಮನೆಯಲ್ಲಿ ಅಧಿಕಾರಿ. ಅಂದಿನ ಲೆಕ್ಕದಲ್ಲಿ ಹೇಳುವುದಾದರೆ ಜಾತಿಯೂ ಇತ್ತು, ಹುದ್ದೆಯೂ ಇತ್ತು. ಕಷ್ಟಗಳು ಬಂದು ಕುಗ್ಗಿದ್ದಾಗ ಡಚ್ಚರ ಸೇನಾಧಿಕಾರಿಯಾಗಿದ್ದ ದ ಲನ್ನೋಯ್ ಅವರಿಗೆ ಯೋಬನ ಕಥೆ ಹೇಳಿದ. 1745ರಲ್ಲಿ ವಡಕ್ಕನ್‌ಕುಳಂನಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೆ ಅವರು ಕೆಳಜಾತಿಯವರೆಂದು ದೂರ ಇಟ್ಟವರ ಜೊತೆ ಸಮಾನರಾಗಿ ಬೆರೆತರು. 1749ರಲ್ಲಿ ಬಂಧನವಾಯಿತು. ಎಮ್ಮೆಯ ಮೇಲೆ ಕೂರಿಸಿ ಊರೂರು ಮೆರವಣಿಗೆ ಮಾಡಿ ಅವಮಾನಿಸಿದರು. 1752ರ ಜನವರಿ 14ರಂದು ಅರಲ್ವಾಯ್‌ಮೊಳಿಯ ಬಳಿಯ ಕಾಟ್ಟಾಡಿಮಲೆಯಲ್ಲಿ ಗುಂಡಿಟ್ಟು ಕೊಂದರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ, ಅಂದರೆ ಗುರುಗಳೋ ಕನ್ಯಾಸ್ತ್ರೀಯರೋ ಅಲ್ಲದವರಲ್ಲಿ, ಸಂತ ಪದವಿಗೇರಿದ ಮೊದಲಿಗರು ಅವರೇ. ಸಂತ ಪದವಿಯ ಹೊತ್ತಿಗೆ ಅವರ ಹೆಸರಿನಿಂದ ‘ಪಿಳ್ಳೈ’ ಎಂಬ ಜಾತಿಸೂಚಕವನ್ನು ಧರ್ಮಸಭೆ ಕೈಬಿಟ್ಟಿತು. ಬರೀ ದೇವಸಹಾಯಂ ಉಳಿದರು.

ನಮ್ಮ ಹೆಸರಿನ ಹಿಂದೆ ಮುಂದೆ ಏನೇನು ಅಂಟಿಸಿಕೊಂಡಿದ್ದೇವೆ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಸಂಬಂಧ ನೋಡುವಾಗ “ಅವರು ಯಾವ ಕಡೆಯವರು?” ಎಂದು ಮೆಲ್ಲಗೆ ವಿಚಾರಿಸುವ ಮನೆಗಳು ನಮ್ಮಲ್ಲೂ ಇವೆ. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಜೋಸೆಫ್ ವಾಜ್ 1651ರಲ್ಲಿ ಗೋವೆಯಲ್ಲಿ ಹುಟ್ಟಿದವರು. 1681ರಿಂದ ಮೂರು ವರ್ಷ ಕೆನರಾದಲ್ಲಿ ಸೇವೆ ಮಾಡಿದರು. ಅಲ್ಲಿ ಅವರಿಗೆ ಅಧಿಕಾರದ ಸ್ಥಾನವಿತ್ತು. ಆಮೇಲೆ ಅವರ ಮನಸ್ಸು ಶ್ರೀಲಂಕೆಯ ಕಡೆ ತಿರುಗಿತು. ಅಲ್ಲಿ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. 1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಬರಿಗಾಲಲ್ಲಿ ಹೋಗಿ ಸೇರಿದರು, ಗುಟ್ಟಾಗಿ ಜನರಿಗೆ ಸಂಸ್ಕಾರಗಳನ್ನು ನೀಡಿದರು. ಗೂಢಚಾರನೆಂಬ ಅನುಮಾನದ ಮೇಲೆ ಕ್ಯಾಂಡಿಯಲ್ಲಿ ಸೆರೆಯಲ್ಲಿಟ್ಟರು. ಮುಂದೆ ಅದೇ ಊರಿಗೆ ಸಿಡುಬು ಬಂದು ಜನ ರೋಗಿಗಳನ್ನು ಬಿಟ್ಟು ಓಡಿದಾಗ ಅವರನ್ನು ಎತ್ತಿ ಉಪಚರಿಸಿದವರು ಇವರೇ. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. 2015ರಲ್ಲಿ, ಅದೂ ಜನವರಿ 14ರಂದೇ, ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

ಇಬ್ಬರಲ್ಲೂ ನಾವು ಕಾಣುವುದು ಒಂದೇ. ತಗ್ಗಿದವರು ಅವರೇ, ಇನ್ನೊಬ್ಬರನ್ನು ತಗ್ಗಿಸಲಿಲ್ಲ. ಮೇಲಿದ್ದವರು ತಾವಾಗಿ ಕೆಳಗಿಳಿದು ಬಂದರು. ಕೂಲಿಯವನ ಬಟ್ಟೆ ವಾಜರಿಗೆ ಬರೀ ವೇಷವಾಗಿ ಉಳಿಯಲಿಲ್ಲ, ಅದೇ ಅವರ ಬದುಕಾಯಿತು. ಉದ್ದೇಶ ಹುಡುಕುತ್ತೇನೆಂದು ಅವರು ಕುಳಿತಿರಲಿಲ್ಲ. ಯಾರೂ ಹೋಗದ ಜನರ ಬಳಿಗೆ ಹೋದರು, ಉದ್ದೇಶ ಅಲ್ಲೇ ಸಿಕ್ಕಿತು.

ನಮ್ಮ ಫ್ಲೆಕ್ಸ್ ಕಥೆ

ಸಂತರ ಕಥೆ ಹೇಳುವುದು ಸುಲಭ. ನಮ್ಮ ಕಥೆಯನ್ನೂ ಹೇಳಬೇಕಲ್ಲ.

ಕಳೆದ ಊರಹಬ್ಬಕ್ಕೆ ಯುವಜನರ ಪರವಾಗಿ ನಾವು ಒಂದು ದೊಡ್ಡ ಫ್ಲೆಕ್ಸ್ ಹಾಕಿಸಿದೆವು. ತಮಿಳುನಾಡಿನಲ್ಲಿ ಫ್ಲೆಕ್ಸ್ ಇಲ್ಲದೆ ಮದುವೆ, ಮುಂಜಿ, ಸಾವು ಯಾವುದೂ ನಡೆಯುವುದಿಲ್ಲ, ನಾವೇಕೆ ಹಿಂದೆ ಬೀಳಬೇಕು? ಮೂಲೆಯಲ್ಲಿ ಪಾಲಕ ಸಂತರ ಚಿತ್ರ. ಉಳಿದ ಜಾಗವೆಲ್ಲ ನಾವೇ, ಕೂಲಿಂಗ್ ಗ್ಲಾಸ್ ಸಮೇತ. ಯಾರ ಫೋಟೋ ಮೊದಲ ಸಾಲಿನಲ್ಲಿ, ಯಾರದು ಎರಡನೆಯ ಸಾಲಿನಲ್ಲಿ ಎಂದು ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಜಗಳ. ಇಬ್ಬರು ಗುಂಪು ಬಿಟ್ಟು ಹೋದರು. ಹಬ್ಬದ ಬೋಧನೆಯಲ್ಲಿ ಗುರುಗಳು ಔತಣದ ಸಾಮತಿ ಹೇಳಿದರು, ಆಮಂತ್ರಣಕ್ಕೆ ಹೋದಾಗ ಮುಂದಿನ ಆಸನ ಹುಡುಕಬೇಡಿ ಎಂಬುದನ್ನು. ನಾವು ಭಕ್ತಿಯಿಂದ ಕೇಳಿದೆವು.

ಹಬ್ಬದ ಮಾರನೆಯ ಬೆಳಿಗ್ಗೆ ತೇರಿನ ಹೂವು ತೆಗೆಯಲು ಬಂದಾಗ, ನಮ್ಮ ದೇವಾಲಯದಲ್ಲಿ ಗಂಟೆ ಬಾರಿಸುವ ತಾತ ಒಬ್ಬರೇ ಅಂಗಳ ಗುಡಿಸುತ್ತಿದ್ದರು. ರಾತ್ರಿಯ ಗಾಳಿಗೆ ನಮ್ಮ ಫ್ಲೆಕ್ಸ್ ಹರಿದು ಬಿದ್ದಿತ್ತು. ತಾತ ಅದನ್ನು ಕೈಯಲ್ಲಿ ಹಿಡಿದು, ಯಾವ ಕುಹಕವೂ ಇಲ್ಲದೆ ಕೇಳಿದರು: “ಮಕ್ಳಾ, ನಿಮ್ ಮುಖ ಎಲ್ಲಾ ಇದ್ರಾಗೆ ಐತೆ. ಕಸಕ್ಕೆ ಹಾಕ್ಲಾ, ಮಡಚಿಕ್ಕಲಾ?”

ನಾವು ನಕ್ಕೆವು. ಆದರೆ ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ಎಷ್ಟೋ ವರ್ಷಗಳಿಂದ ಬೆಳಿಗ್ಗೆ ನಮ್ಮನ್ನು ಎಬ್ಬಿಸುತ್ತಿರುವುದು ಆ ತಾತನ ಗಂಟೆ. ಯಾವ ಫ್ಲೆಕ್ಸ್‌ನಲ್ಲೂ ಅವರ ಮುಖ ಇರಲಿಲ್ಲ. ಬದುಕಿನ ಉದ್ದೇಶದ ಬಗ್ಗೆ ಮಾತಾಡಲು ಬೆಂಗಳೂರಿನಿಂದ ಯಾರನ್ನು ಕರೆಸೋಣ ಎಂದು ಯೋಚಿಸುತ್ತಿದ್ದ ನಮಗೆ, ಅಂಗಳದಲ್ಲೇ ಇದ್ದ ಆ ಮನುಷ್ಯನನ್ನು ಒಂದು ಮಾತು ಕೇಳಬೇಕೆಂದು ಹೊಳೆದಿರಲಿಲ್ಲ.

ಸಭೆಯಲ್ಲಿ ಈ ವಿಷಯ ಎತ್ತಿದಾಗ ಒಬ್ಬ ತಂಗಿ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದಳು: “ನಾವು ಮಾಡೋ ಒಳ್ಳೆ ಕೆಲಸ ಯಾರಿಗೂ ಕಾಣದೇ ಹೋದ್ರೆ ಬೇರೆ ಯುವಜನ ಹೇಗೆ ಬರ್ತಾರೆ? ದೀಪ ಹಚ್ಚಿ ಕೊಳಗದ ಕೆಳಗೆ ಇಡಬಾರದು ಅಂತ ಸ್ವಾಮಿಯೇ ಹೇಳಿಲ್ವಾ?” ಹೇಳಿದ್ದಾರೆ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದೂ ಅವರೇ ಹೇಳಿದ್ದಾರೆ. ಎರಡೂ ಸಂತ ಮತ್ತಾಯರು ಬರೆದ ಅದೇ ಬೆಟ್ಟದ ಬೋಧನೆಯಲ್ಲಿವೆ. ನಮಗೆ ತೋಚಿದ ಉತ್ತರ ಇಷ್ಟು: ಬೆಳಕು ಬೆಳಗಬೇಕು, ಆದರೆ ಅದನ್ನು ಕಂಡವರು ಸ್ವರ್ಗದಲ್ಲಿರುವ ತಂದೆಯನ್ನು ಹೊಗಳಬೇಕು. ದೀಪದ ಬೆಳಕಿನಲ್ಲಿ ಮನೆಯವರ ಮುಖ ಕಾಣಬೇಕೇ ಹೊರತು ಎಲ್ಲರೂ ದೀಪವನ್ನೇ ನೋಡುತ್ತ ಕೂರಬಾರದು. ವೃದ್ಧಾಶ್ರಮಕ್ಕೆ ಅಕ್ಕಿ ಕೊಟ್ಟ ಫೋಟೋದಲ್ಲಿ ಚೀಲ ಹಿಡಿದ ನಾವು ಆರು ಜನ ನಗುತ್ತಿದ್ದು, ಪಡೆದುಕೊಂಡ ಅಜ್ಜಿ ತಲೆತಗ್ಗಿಸಿ ನಿಂತಿದ್ದರೆ, ಅಲ್ಲಿ ದೀನತೆ ಯಾರ ಪಾಲಿಗೆ ಬಂತು?

ಏನು ಮಾಡಬಹುದು?

ಸಭೆಯ ಕೊನೆಗೆ ನಾವು ಕೆಲವು ಸಣ್ಣ ನಿರ್ಧಾರ ಮಾಡಿದೆವು. ಬೇರೆ ಧರ್ಮಕೇಂದ್ರದ ಯುವಜನರೂ ಯೋಚಿಸಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ಪರಿಚಯ ಮಾಡಿಕೊಳ್ಳುವಾಗ ಇನ್ನು ಕಂಪನಿ, ಪೋಸ್ಟು ಇಲ್ಲ. ಹೆಸರು ಹೇಳಿ, ಈ ವಾರ ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಒಂದು ಮಾತು ಹೇಳಿದರೆ ಸಾಕು.

ಎರಡನೆಯದು, ಹಬ್ಬದ ಫ್ಲೆಕ್ಸ್‌ನಲ್ಲಿ ಸಂತರ ಚಿತ್ರ ಮಾತ್ರ. ಉಳಿದ ಹಣ ಈ ವರ್ಷ ಹತ್ತನೇ ತರಗತಿ ಬರೆಯುವ ಮಕ್ಕಳ ಸಂಜೆ ಪಾಠಕ್ಕೆ.

ಮೂರನೆಯದು, ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಹೆಸರು ಆರಿಸುವಾಗ ನಮ್ಮ ಅಭಿಪ್ರಾಯವನ್ನು ಗುರುಗಳ ಮುಂದೆ ಇಡುವುದು. ಆ ಹನ್ನೆರಡು ಕುರ್ಚಿ ಗೌರವದ ಕುರ್ಚಿಗಳಾಗಿ, ಅದಕ್ಕೂ ಪೈಪೋಟಿ ನಡೆಯುವುದನ್ನು ನಾವು ನೋಡಿದ್ದೇವೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿನ ಯುವಕ ಯುವತಿಯರ ಪಾದ ತೊಳೆದರು. ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದರು. 2016ರಿಂದ ಈ ವಿಧಿಗೆ ಸ್ತ್ರೀಯರನ್ನೂ ಆರಿಸಲು ಧರ್ಮಸಭೆಯೇ ಅವಕಾಶ ಕೊಟ್ಟಿದೆ. ಹಾಗಿದ್ದ ಮೇಲೆ ಗುಲಾಬಿ ತೋಟದ ಅಕ್ಕ, ಬೀದಿ ಗುಡಿಸುವ ಅಮ್ಮ, ಗಂಟೆ ಬಾರಿಸುವ ತಾತ ಆ ಕುರ್ಚಿಯಲ್ಲಿ ಕೂರಲಿ ಎಂಬುದು ನಮ್ಮ ಆಸೆ.

ನಾಲ್ಕನೆಯದು, ಭಾಷೆ. ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತಾಗಿರುವ ಸೀಮೆ ನಮ್ಮದು. “ನಮ್ಮ ಭಾಷೆಯ ಹಾಡು ಎಷ್ಟು, ಅವರ ಭಾಷೆಯದು ಎಷ್ಟು” ಎಂದು ಎಣಿಸುವ ಬದಲು, ಒಬ್ಬೊಬ್ಬರೂ ಪಕ್ಕದ ಮನೆಯವರ ಭಾಷೆಯಲ್ಲಿ ಒಂದು ಹಾಡು ಕಲಿಯೋಣ. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಚಿನ್ನಮಿಯವರು ಕನ್ನಡ ಕಲಿತರು, ಮೈಸೂರು ಮಿಷನ್ ಆರಂಭಿಸಿದರು. ತಪ್ಪು ತಪ್ಪಾಗಿ ಮಾತಾಡಿ ನಗಿಸಿಕೊಳ್ಳಲು ಒಪ್ಪುವುದೂ ದೀನತೆಯೇ. ಆದರೆ ಸ್ವಂತ ಭಾಷೆಗೆ ನಾಚಿಕೊಳ್ಳುವುದು ದೀನತೆಯಲ್ಲ. ನಮ್ಮ ಕನ್ನಡದ ಮಕ್ಕಳು ಕನ್ನಡದಲ್ಲೇ ಧೈರ್ಯವಾಗಿ ವಾಚನ ಓದಲಿ.

ಇಷ್ಟೆಲ್ಲ ತೀರ್ಮಾನ ಮಾಡಿ, ಅದೇ ಸಂಜೆ ನಮ್ಮಲ್ಲಿಬ್ಬರು ಆ ಗೆಳೆಯನ ಮನೆಗೆ ಹೋದೆವು. ಕ್ಷಮೆ ಕೇಳಬೇಕು, ಮತ್ತೆ ಬಾ ಎಂದು ಕರೆಯಬೇಕು ಎಂದುಕೊಂಡಿದ್ದೆವು. ಅವನಿರಲಿಲ್ಲ. ಅವನ ತಾಯಿ ಒಳಗೆ ಕರೆದು ಕೂರಿಸಿ, ಬೇಡವೆಂದರೂ ಬಿಡದೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. “ಹಬ್ಬದ ದಿನಾನೂ ಕೆಲ್ಸಾನೇನಮ್ಮಾ?” ಎಂದು ಕೇಳಿದೆವು.

“ಕಾಂಟ್ರಾಕ್ಟ್‌ನವ್ರಿಗೆ ಇವತ್ತು ರಜಾ ಇಲ್ಲಪ್ಪಾ. ಬೆಳಿಗ್ಗೇನೇ ಹೋದ” ಎಂದರು.

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನು ಬರಲಿಲ್ಲವೆಂದು ಮರುಗುತ್ತಿದ್ದ ನಾವು, ಅವನಿಗೆ ಬರಲು ಆಗದ ದಿನವನ್ನೇ ಸಭೆಗೆ ಆರಿಸಿದ್ದೆವು. ನಮಗೆ ರಜೆ ಇದ್ದ ದಿನ ಎಲ್ಲರಿಗೂ ರಜೆ ಎಂದುಕೊಂಡಿದ್ದೆವು. ಅಷ್ಟು ಹೊತ್ತು ದೀನತೆಯ ಬಗ್ಗೆ ಮಾತಾಡಿ ಬಂದವರಿಗೆ ಆ ತಾಯಿಯ ಒಂದು ವಾಕ್ಯ ಪಾಠವಾಯಿತು. ತಗ್ಗುವುದೆಂದರೆ ಕೊನೆಗೆ ಇಷ್ಟೇ ಇರಬಹುದು: ನಮ್ಮ ಕ್ಯಾಲೆಂಡರ್ ಬಿಟ್ಟು ಇನ್ನೊಬ್ಬರ ಕ್ಯಾಲೆಂಡರ್ ನೋಡುವುದು.

ಮುಂದಿನ ಸಭೆ ಯಾವಾಗ ಎಂದು ನಾವು ಇನ್ನೂ ನಿಗದಿ ಮಾಡಿಲ್ಲ. ಅವನ ವಾರದ ರಜೆ ಯಾವ ದಿನ ಎಂದು ಕೇಳಿ ಆಮೇಲೆ ತಿಳಿಸುತ್ತೇವೆ. ಅವನು ಬಂದೇ ಬರುತ್ತಾನೆಂದು ಹೇಳಲಾರೆವು. ಬಂದರೆ ತಬಲಾ ಅಲ್ಲೇ ಇದೆ. ಬಾರದಿದ್ದರೆ ನಾವು ಮತ್ತೆ ಅವನ ಮನೆಗೆ ಹೋಗುತ್ತೇವೆ.

ಸಂತ ದೇವಸಹಾಯಂ, ಸಂತ ಜೋಸೆಫ್ ವಾಜ್, ನಮಗಾಗಿ ಪ್ರಾರ್ಥಿಸಿರಿ. ಓದಿದ ನೀವೂ ನಮ್ಮ ಯುವಜನರಿಗಾಗಿ, ಈ ಹೊತ್ತಿನಲ್ಲಿ ಶಿಫ್ಟ್‌ನಲ್ಲಿ ನಿಂತಿರುವ ಎಲ್ಲರಿಗಾಗಿ ಒಂದು ನಮೋ ಮರಿಯಾ ಹೇಳಿರಿ.